ನಾಲ್ಕೂವರೆ ಗಂಟೆ ಹಿಂದಿನ ಊರು

ಟ್ಯೂಬಿಂಗನ್ ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಹತ್ತು ಗಂಟೆಗೆ ಎಂದು ಬರೆದಿರುವ ಪಾಠ ಶುರುವಾಗುವುದು ಹತ್ತೂಕಾಲಿಗೆ. ಗಂಟೆಯ ಪಕ್ಕದಲ್ಲಿ ಸಿ.ಟಿ. ಎಂಬ ಎರಡಕ್ಷರ ಇದ್ದರೆ ಕಾಲು ಗಂಟೆ ಕಳೆದು ಬನ್ನಿ ಎಂದೇ ಲೆಕ್ಕ. ಎಸ್.ಟಿ. ಎಂದಿದ್ದರೆ ಮಾತ್ರ ಗಂಟೆ ಹೊಡೆಯುವಷ್ಟರಲ್ಲಿ ಕುಳಿತಿರಬೇಕು. ಲ್ಯಾಟಿನ್ನಿನಿಂದ ಬಂದ ಈ ಗುರುತುಗಳು ಜರ್ಮನಿಯ ಬೇರೆ ವಿಶ್ವವಿದ್ಯಾಲಯಗಳಲ್ಲೂ ಇವೆ. ಊರಿನ ಗೋಪುರದ ಗಂಟೆಯೇ ಎಲ್ಲರಿಗೂ ಗಡಿಯಾರವಾಗಿದ್ದ ಕಾಲದಲ್ಲಿ, ಅದರ ಸದ್ದು ಕಿವಿಗೆ ಬಿದ್ದ ಮೇಲೆ ಪುಸ್ತಕ ಎತ್ತಿಕೊಂಡು ನಡೆದು ಬರಲು ಕೊಟ್ಟ ಬಿಡುವು ಅದು ಎನ್ನುತ್ತಾರೆ. ಈಗ ಎಲ್ಲರ ಜೇಬಿನಲ್ಲೂ ಗಡಿಯಾರವಿದೆ. ಆ ಕಾಲು ಗಂಟೆ ಮಾತ್ರ ಹಾಗೇ ಉಳಿದುಕೊಂಡಿದೆ.

ನಾನು ಸಾಗರದಿಂದ ಹೊರಡುವಾಗ ಕಂಡವರೆಲ್ಲ ಹೇಳಿದ್ದು ಒಂದೇ ಮಾತು: ಜರ್ಮನಿಯಲ್ಲಿ ಎಲ್ಲವೂ ಟೈಮ್ ಟು ಟೈಮ್, ಹುಷಾರು. ಆ ಮಾತು ಸುಳ್ಳಲ್ಲ. ಆದರೆ ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳನ್ನು ಕಂಗೆಡಿಸುವುದು ಗಡಿಯಾರದ ಕಟ್ಟುನಿಟ್ಟು ಅಂತ ನನಗೆ ಅನ್ನಿಸಿಲ್ಲ. ಕಟ್ಟುನಿಟ್ಟು ನಮಗೂ ಗೊತ್ತು. ಹಳ್ಳಿಗೆ ಒಂದೇ ಬಸ್ಸು ಬರುವ ಕಡೆಯಿಂದ ಕಾಲೇಜಿಗೆ ಹೋದವರಿಗೆ ನಿಮಿಷದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಗೆಡಿಸುವುದು ಬೇರೆಯೇ ಒಂದು. ಅದನ್ನು ಹೇಳುವ ಮುಂಚೆ ಟ್ಯೂಬಿಂಗನ್ನಿನ ಚೌಕಕ್ಕೆ ಒಮ್ಮೆ ಹೋಗಿಬರಬೇಕು.

ಚೌಕದಲ್ಲಿ ಪುರಭವನವಿದೆ. ಅದರ ನೆತ್ತಿಯ ಮೇಲೆ 1511ರ ಖಗೋಳ ಗಡಿಯಾರ. ಅದನ್ನು ರೂಪಿಸಿದವರು ಅದೇ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಖಗೋಳವನ್ನು ಕಲಿಸುತ್ತಿದ್ದ ಯೊಹಾನೆಸ್ ಸ್ಟೋಫ್ಲರ್. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ತುಂಬಿದ್ದಾನೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಅದರ ಮುಳ್ಳುಗಳಲ್ಲಿ ಒಂದು ಡ್ರ್ಯಾಗನ್ನಿನದು. ರಾಶಿಚಕ್ರವನ್ನು ಒಂದು ಸುತ್ತು ಬರಲು ಆ ಮುಳ್ಳಿಗೆ ಹದಿನೆಂಟೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಸೂರ್ಯ ಚಂದ್ರರ ದಾರಿಗಳು ಒಂದನ್ನೊಂದು ದಾಟುವ ಎರಡು ಬಿಂದುಗಳನ್ನು, ಎಂದರೆ ಗ್ರಹಣ ಹಿಡಿಯುವ ಜಾಗಗಳನ್ನು, ಅದು ತೋರಿಸುತ್ತದೆ. ನಮ್ಮ ಪಂಚಾಂಗ ಅದೇ ಬಿಂದುಗಳನ್ನು ರಾಹು, ಕೇತು ಎನ್ನುತ್ತದೆ. ರಾಹುಕಾಲ ನೋಡದೆ ಯಾರನ್ನೂ ಹೊಸಿಲು ದಾಟಲು ಬಿಡದ ಅಜ್ಜಿಯ ಮನೆಯಲ್ಲಿ ಬೆಳೆದ ನನಗೆ, ಯೂರೋಪಿನ ಒಂದು ಊರಿನ ನಟ್ಟನಡುವೆ ರಾಹು ಐನೂರು ವರ್ಷಗಳಿಂದ ತಿರುಗುತ್ತಿದ್ದಾನೆ ಎಂದು ತಿಳಿದಾಗ ಆದ ಸಂತೋಷ ದೊಡ್ಡದು. ಪರದೇಶದಲ್ಲಿ ಮೊದಲು ಗುರುತು ಹಿಡಿದು ಮಾತಾಡಿಸಿದವನು ಅವನೇ ಎನ್ನಬಹುದು.

ಆ ರಾತ್ರಿ ಒಂದು ಲೆಕ್ಕ ಮಾಡಿದೆ. ರಾಹುಕಾಲವೆಂದರೆ ಹಗಲಿನ ಎಂಟನೆಯ ಒಂದು ಪಾಲು. ನಮ್ಮ ಕಡೆ ಹಗಲು ವರ್ಷವಿಡೀ ಹನ್ನೆರಡು ಗಂಟೆಯ ಆಸುಪಾಸು ಇರುವುದರಿಂದ ಕ್ಯಾಲೆಂಡರಿನಲ್ಲಿ ಒಂದೂವರೆ ಗಂಟೆ ಎಂದು ಅಚ್ಚು ಹಾಕುತ್ತಾರೆ. ಟ್ಯೂಬಿಂಗನ್ನಿನಲ್ಲಿ ಡಿಸೆಂಬರಿನ ಹಗಲು ಸುಮಾರು ಎಂಟೂಕಾಲು ಗಂಟೆ. ಅಲ್ಲಿ ರಾಹುಕಾಲ ಒಂದು ಗಂಟೆಗೆ ಇಳಿಯುತ್ತದೆ. ಜೂನಿನಲ್ಲಿ ಹದಿನಾರು ಗಂಟೆಯ ಹಗಲು. ರಾಹುವಿಗೆ ಎರಡು ಗಂಟೆ. ಅಜ್ಜಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಂಚಾಂಗವನ್ನು ಆಯಾ ಊರಿನ ಸೂರ್ಯೋದಯಕ್ಕೆ ಕಟ್ಟಿಕೊಳ್ಳಬೇಕು, ಇಲ್ಲಿಯದನ್ನು ಅಲ್ಲಿಗೆ ಒಯ್ದರೆ ನಡೆಯೋದಿಲ್ಲ' ಎಂದರು. ಸಮಯದ ಬಗ್ಗೆ ಪರದೇಶದ ವಿದ್ಯಾರ್ಥಿಗೆ ಸಿಕ್ಕಬಹುದಾದ ಅತ್ಯುತ್ತಮ ಸಲಹೆ ಅದು. ಆಮೇಲೆ ಓದಿದ ಯಾವ ಪುಸ್ತಕದಲ್ಲೂ ಅಷ್ಟು ನೇರವಾಗಿ ಯಾರೂ ಹೇಳಿದ್ದು ಕಾಣಲಿಲ್ಲ.

ಭಾರತೀಯರಿಗೆ ಸಮಯಪ್ರಜ್ಞೆ ಇಲ್ಲ ಎಂದು ನಮ್ಮವರೇ ಹೊರಗಡೆ ಹೇಳಿಕೊಂಡು ತಿರುಗುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಮದುವೆಯ ಮಂಟಪದಲ್ಲಿ ಪುರೋಹಿತರನ್ನು ನೋಡಿ. ಊಟ ಒಂದು ಗಂಟೆ ತಡವಾಗಬಹುದು, ಬೀಗರ ಬಸ್ಸು ಎರಡು ಗಂಟೆ ತಡವಾಗಬಹುದು. 11-40ರ ಅಭಿಜಿನ್ ಲಗ್ನವೆಂದರೆ ಅಂತರಪಟ ಸರಿಯುವುದು, ವಾದ್ಯದವರು ಗಟ್ಟಿಮೇಳ ಬಾರಿಸುವುದು ಆ ನಿಮಿಷಕ್ಕೇ. ನಾವು ಎಲ್ಲ ಗಳಿಗೆಗಳನ್ನೂ ಒಂದೇ ತೂಕಕ್ಕೆ ಇಡುವುದಿಲ್ಲ, ಅಷ್ಟೇ. ಕೆಲವನ್ನು ಜೀವ ಹೋದರೂ ಬಿಡುವುದಿಲ್ಲ, ಉಳಿದವನ್ನು ಸಡಿಲ ಬಿಡುತ್ತೇವೆ. ಅಕ್ಕನ ಮದುವೆಯ ಮುಹೂರ್ತ ಟ್ಯೂಬಿಂಗನ್ನಿನಲ್ಲಿದ್ದ ನನಗೆ ಬೆಳಗಿನ ಏಳೂ ಹತ್ತಕ್ಕೆ ಬಂತು. ಹೊರಗೆ ಇನ್ನೂ ಕತ್ತಲೆ, ಕಿಟಕಿಯ ಗಾಜಿನ ಹೊರಗೆ ಮಂಜು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ರೇಷ್ಮೆ ಅಂಗಿ ಹಾಕಿಕೊಂಡು, ಹಿಂದಿನ ದಿನವೇ ಏಷ್ಯನ್ ದಿನಸಿ ಮಳಿಗೆಯಿಂದ ತಂದಿಟ್ಟಿದ್ದ ಅಕ್ಕಿಗೆ ಅರಿಶಿನ ಹಚ್ಚಿ, ತೆರೆಯ ಮೇಲಿನ ಅಕ್ಕಭಾವಂದಿರಿಗೆ ಅಕ್ಷತೆ ಹಾಕಿದೆ. ಪಕ್ಕದ ಕೋಣೆಯ ಪೋಲೆಂಡಿನ ಹುಡುಗಿಯೂ ಬಂದು ಒಂದು ಹಿಡಿ ಹಾಕಿದಳು. ಎಂಟೂಕಾಲರ ಪಾಠಕ್ಕೆ ನಾವಿಬ್ಬರೂ ಸರಿಯಾದ ಹೊತ್ತಿಗೇ ಹೋದೆವು. ಮೇಜಿನ ಮೇಲೆ ಉಳಿದ ಅಕ್ಷತೆಯನ್ನು ಆಕೆ ಒಂದು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡಳು.

ಈಗ ಕಂಗೆಡಿಸುವ ವಿಷಯಕ್ಕೆ ಬರುತ್ತೇನೆ. ಯೂರೋಪಿನಲ್ಲಿ ಓದಿನ ಅಳತೆಗೆ ಕ್ರೆಡಿಟ್ ಎಂಬ ಲೆಕ್ಕವಿದೆ. ಜರ್ಮನಿಯಲ್ಲಿ ಒಂದು ಕ್ರೆಡಿಟ್ಟಿಗೆ ಸಾಮಾನ್ಯವಾಗಿ 30 ಗಂಟೆಯ ಕೆಲಸ. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಎಂದರೆ 900 ಗಂಟೆ. ಆರು ಕ್ರೆಡಿಟ್ಟಿನ ಒಂದು ವಿಷಯ ತೆಗೆದುಕೊಂಡರೆ 180 ಗಂಟೆ. ಅದರಲ್ಲಿ ತರಗತಿಯಲ್ಲಿ ಕೂರುವುದು ವಾರಕ್ಕೆ ನಾಲ್ಕು ಗಂಟೆಯ ಲೆಕ್ಕದಲ್ಲಿ ಹೆಚ್ಚೆಂದರೆ 60. ಉಳಿದ 120 ಗಂಟೆ ಯಾವ ವೇಳಾಪಟ್ಟಿಯಲ್ಲೂ ಕಾಣುವುದಿಲ್ಲ. ಅದಕ್ಕೆ ಕೋಣೆಯಿಲ್ಲ, ಗಂಟೆಯಿಲ್ಲ, ಹಾಜರಿ ಪುಸ್ತಕವಿಲ್ಲ, ಕೇಳುವ ಮೇಷ್ಟರೂ ಇಲ್ಲ. ಬಹುಪಾಲು ಉಪನ್ಯಾಸಗಳಿಗೆ ಹೋದಿರೋ ಇಲ್ಲವೋ ಎಂದೇ ಯಾರೂ ನೋಡುವುದಿಲ್ಲ. ಫೆಬ್ರುವರಿಯಲ್ಲಿ ಒಂದು ಪರೀಕ್ಷೆ. ಅದಕ್ಕೂ ನೀವೇ ಗಡುವಿನೊಳಗೆ ಹೆಸರು ನೋಂದಾಯಿಸಬೇಕು. ಹೆಸರಿಲ್ಲದಿದ್ದರೆ ಎಷ್ಟು ಓದಿದ್ದರೂ ಕೂರಿಸುವುದಿಲ್ಲ.

ನಮ್ಮ ಮಕ್ಕಳು ಬರುವುದು ಎಲ್ಲಿಂದ? ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಪೀರಿಯಡ್ಡಿನ ಮೇಲೆ ಪೀರಿಯಡ್ಡು, ಶೇಕಡಾ 75ರ ಹಾಜರಿ, ಇಂಟರ್ನಲ್ಸ್, ಟ್ಯೂಷನ್, ಮನೆಗೆ ಬಂದ ಕೂಡಲೇ 'ಓದಿಕೋ' ಎನ್ನುವ ಅಮ್ಮ. ಪರೀಕ್ಷೆಗೆ ಮುಂಚೆ ಓದುವ ರಜೆ, ಅದಕ್ಕೊಂದು ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ. ಹದಿನೈದು ಹದಿನಾರು ವರ್ಷ ನಮ್ಮ ಸಮಯವನ್ನು ಬೇರೆಯವರು ಕಾಯ್ದಿರುತ್ತಾರೆ. ಪ್ರೀತಿಯಿಂದಲೇ ಕಾಯ್ದಿರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಸಮಯ ಹಂಚಿಕೊಳ್ಳುವುದನ್ನು ನಮಗೆ ಹೇಳಿಕೊಡುವುದು ಒಂದೇ ಜಾಗದಲ್ಲಿ, ಉತ್ತರಪತ್ರಿಕೆಯ ಮೇಲೆ: ಎರಡು ಅಂಕದ ಪ್ರಶ್ನೆಗೆ ಇಷ್ಟು ನಿಮಿಷ, ಹತ್ತು ಅಂಕದ್ದಕ್ಕೆ ಇಷ್ಟು. ಮೂರು ಗಂಟೆ ಹಂಚುವುದು ನಮಗೆ ಚೆನ್ನಾಗಿ ಬರುತ್ತದೆ. ಒಂದು ಇಡೀ ಮಂಗಳವಾರವನ್ನು ಕೈಗೆ ಕೊಟ್ಟು 'ನಿನಗೆ ಬಿಟ್ಟದ್ದು' ಎಂದಾಗ ಏನು ಮಾಡಬೇಕೋ ತಿಳಿಯುವುದಿಲ್ಲ. ಪರದೇಶದ ಮೊದಲ ಸೆಮಿಸ್ಟರಿನ ಕಷ್ಟದ ಬೇರು ಇಲ್ಲಿದೆ. ಭಾಷೆ, ಚಳಿ, ಅಡಿಗೆ ಎಲ್ಲವೂ ಆಮೇಲಿನ ಮಾತು. ಬುದ್ಧಿವಂತ ಹುಡುಗರು ನವೆಂಬರಿನಲ್ಲಿ ಪುರುಸೊತ್ತಿದೆ ಎಂದುಕೊಂಡು, ಜನವರಿಯಲ್ಲಿ ನಿದ್ದೆ ಬಿಟ್ಟು, ಫೆಬ್ರುವರಿಯಲ್ಲಿ ಬೆಪ್ಪಾಗಿ ನಿಲ್ಲುವುದನ್ನು ನೋಡಿದ್ದೇನೆ. ಅವರನ್ನು ಸೋಮಾರಿಗಳು ಎನ್ನುವುದು ಅನ್ಯಾಯ. ಖಾಲಿ ಕಾಣುವ ಹೊತ್ತು ಆಗಲೇ ಒಂದು ಕೆಲಸಕ್ಕೆ ಮೀಸಲಾಗಿದೆ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ನನಗೆ ತೋರಿಸಿಕೊಟ್ಟದ್ದು ವಾರದ ಅಭ್ಯಾಸದ ಹಾಳೆ. ಗಣಕ ಭಾಷಾಶಾಸ್ತ್ರ ಓದುವವರಿಗೆ ಪ್ರತಿ ವಾರ ಒಂದು ಹಾಳೆ ಬರುತ್ತಿತ್ತು. ಒಂದು ಬದಿ, ನಾಲ್ಕು ಲೆಕ್ಕ. ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತರೊಳಗೆ ಒಪ್ಪಿಸಬೇಕು. ಒಟ್ಟು ಅಂಕಗಳಲ್ಲಿ ಅರ್ಧದಷ್ಟಾದರೂ ಬಂದರೆ ಮಾತ್ರ ಪರೀಕ್ಷೆಗೆ ಅರ್ಹತೆ. ಮೊದಲ ಲೆಕ್ಕ ಉಪನ್ಯಾಸ ಕೇಳಿದ್ದರೆ ಬರುತ್ತದೆ. ಎರಡನೆಯದಕ್ಕೆ ಟಿಪ್ಪಣಿ ತಿರುವಿಹಾಕಬೇಕು. ಮೂರನೆಯದು ಕೂತ ಕೂಡಲೇ ಬಗೆಹರಿಯುವ ಜಾತಿಯದಲ್ಲ. ಭಾನುವಾರ ರಾತ್ರಿ ಹಾಳೆ ತೆರೆದವರು ಮೂರನೆಯ ಲೆಕ್ಕದ ಮುಂದೆ ಬೆಳಗಿನ ಜಾವದವರೆಗೂ ಕೂರುತ್ತಿದ್ದರು. ಹಾಳೆ ಬಂದ ದಿನವೇ ಒಮ್ಮೆ ಓದಿ, ಏನೂ ಬರೆಯದೆ ಮಡಿಚಿಟ್ಟವರಿಗೆ ಅದೇ ಲೆಕ್ಕ ಶುಕ್ರವಾರ ನೆಕ್ಕರ್ ನದಿಯ ಸೇತುವೆ ದಾಟುವಾಗಲೋ ಪಾತ್ರೆ ತೊಳೆಯುವಾಗಲೋ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಇಬ್ಬರೂ ಮೇಜಿನ ಮುಂದೆ ಕಳೆದ ಗಂಟೆಗಳು ಹೆಚ್ಚುಕಡಿಮೆ ಒಂದೇ ಇರಬಹುದು. ಹಾಗಾಗಿ ಗಂಟೆಗಳ ಮೊತ್ತಕ್ಕಿಂತ ಅವು ವಾರದಲ್ಲಿ ಎಲ್ಲೆಲ್ಲಿ ಬಿದ್ದಿವೆ ಎಂಬುದು ಮುಖ್ಯ ಎಂದು ನಂಬಿದ್ದೇನೆ. ನಾಲ್ಕನೆಯ ಲೆಕ್ಕದ ವಿಷಯ ಬೇಡ. ಅದು ಬರುವವರಿಗೆ ಮಾತ್ರ ಬರುತ್ತಿತ್ತು.

ಅಲಾರಂ, ಆ್ಯಪ್, ಬಣ್ಣಬಣ್ಣದ ಚೌಕಗಳ ಕ್ಯಾಲೆಂಡರ್ ಎಲ್ಲವೂ ಇವೆ, ಬೇಕಾದವರು ಬಳಸಲಿ. ಒಂದನ್ನು ಮಾತ್ರ ಹೇಳುವ ಆಸೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೇಟೊ ಆಕಾರದ ಅಡಿಗೆಮನೆ ಗಡಿಯಾರ ಇಟ್ಟುಕೊಂಡು ಓದಲು ಶುರುಮಾಡಿದರು. ಅದರಿಂದ 25 ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಹುಟ್ಟಿ ಲೋಕವೆಲ್ಲ ಹರಡಿತು. ನಮ್ಮ ಒಂದು ಗಳಿಗೆ 24 ನಿಮಿಷ. ದಿನಕ್ಕೆ ಅರವತ್ತು ಗಳಿಗೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಮನಸ್ಸು ಒಂದೇ ಕಡೆ ನಿಲ್ಲುವ ಹೊತ್ತು ಹೆಚ್ಚುಕಡಿಮೆ ಇಷ್ಟೇ ಎಂದು ಹಳಬರಿಗೂ ತಿಳಿದಿತ್ತೋ ಏನೋ, ಹೇಳಲಾರೆ. ನಾನಂತೂ ಮೊಬೈಲಿನಲ್ಲಿ 24 ನಿಮಿಷವನ್ನೇ ಇಟ್ಟುಕೊಂಡೆ. 'ಇವತ್ತು ಹತ್ತು ಗಳಿಗೆ ಓದಿದೆ' ಎಂದರೆ ಅಜ್ಜಿಗೂ ಅರ್ಥವಾಗುತ್ತಿತ್ತು.

ದುಡ್ಡಿನ ಮಾತನ್ನು ತಪ್ಪಿಸಿಕೊಂಡು ಸಮಯದ ಮಾತು ಆಡುವಂತಿಲ್ಲ. ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿಗಳು 2017ರ ಚಳಿಗಾಲದ ಸೆಮಿಸ್ಟರಿನಿಂದ ಸೆಮಿಸ್ಟರಿಗೆ 1500 ಯೂರೋ ಶುಲ್ಕ ಕೊಡಬೇಕು. ಒಂದು ವಿಷಯ ಉಳಿದು ಅರ್ಧ ವರ್ಷ ಹೆಚ್ಚಾದರೆ ಅಷ್ಟು ಹಣ ಹೆಚ್ಚು, ಅದರ ಮೇಲೆ ಬಾಡಿಗೆ, ಊಟ, ವಿಮೆ. ಊರಿನ ಬ್ಯಾಂಕಿನಲ್ಲಿ ಮಾಡಿದ ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಹಾಗಾಗಿ ಎಲ್ಲರೂ ಕೆಲಸ ಹುಡುಕುತ್ತಾರೆ. ಅದಕ್ಕೂ ಕಾನೂನಿನ ಮಿತಿ ಇದೆ: ಮೊದಲು ವರ್ಷಕ್ಕೆ 120 ಪೂರ್ತಿ ದಿನ ಅಥವಾ 240 ಅರ್ಧ ದಿನ ಇತ್ತು, 2024ರ ಮಾರ್ಚಿನಿಂದ 140 ಅಥವಾ 280. ಪಾಠ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೀರದಂತೆ ನೋಡಿಕೊಳ್ಳಬೇಕು.

ಹಾವೇರಿ ಕಡೆಯ ಒಬ್ಬ ಗೆಳೆಯ ಪಾರ್ಸೆಲ್ ಗೋದಾಮಿನಲ್ಲಿ ಬೆಳಗಿನ ಜಾವ ನಾಲ್ಕರಿಂದ ದುಡಿಯುತ್ತಿದ್ದ. ಮನೆಯಲ್ಲಿ ಎರಡು ಎಕರೆ ಅಡವಿಟ್ಟು ಕಳಿಸಿದ್ದರು. ತಿಂಗಳ ಕೊನೆಗೆ ಅಪ್ಪನ ಖಾತೆಗೆ ಹಣ ಕಳಿಸಿದ ದಿನ ಅವನ ಮುಖ ನೋಡಬೇಕು, ಅಷ್ಟು ಬೆಳಕು. ಆದರೆ ಹತ್ತೂಕಾಲರ ಪಾಠದಲ್ಲಿ ಅವನ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದುಕೊಂಡು ಕೆಳಗೆ ಜಾರುತ್ತಿತ್ತು, ಕೂತಲ್ಲೇ ನಿದ್ದೆ. ಅವನಿಗೆ ಶಿಸ್ತಿನ ಕೊರತೆ ಇತ್ತೇ? ನಮ್ಮೆಲ್ಲರಿಗಿಂತ ಹೆಚ್ಚು ಶಿಸ್ತಿನವನು ಅವನು. ಅವನ ದಿನದ ಒಳ್ಳೆಯ ಗಂಟೆಗಳು, ತಲೆ ತಿಳಿಯಾಗಿರುವ ಗಂಟೆಗಳು, ಗೋದಾಮಿಗೆ ಮಾರಿಹೋಗಿದ್ದವು. ಓದಿಗೆ ಉಳಿಯುತ್ತಿದ್ದದ್ದು ಬಸವಳಿದ ಹೊತ್ತು. ಎರಡನೆಯ ವರ್ಷ ಅವನು ಪಾಠವಿರುವ ತಿಂಗಳುಗಳಲ್ಲಿ ಶನಿವಾರ ಮಾತ್ರ ದುಡಿದು, ಆಗಸ್ಟ್ ಸೆಪ್ಟೆಂಬರಿನಲ್ಲಿ ಪೂರ್ತಿ ದಿನದ ಕೆಲಸ ಹಿಡಿದ. ಹಣ ಕೈಗೆ ಬಂದದ್ದು ಅಷ್ಟೇ, ಓದು ಮಾತ್ರ ಬೇರೆಯೇ ಆಯಿತು. ಹೊರಡುವ ಮುಂಚೆ ಈ ಲೆಕ್ಕವನ್ನು ಮನೆಮಂದಿಯೆಲ್ಲ ಕೂತು ಮಾಡಬೇಕು. ಮಗ ಅಥವಾ ಮಗಳು ಹೋದ ತಿಂಗಳಿಂದಲೇ ದುಡಿದು ಕಳಿಸಬೇಕು ಎಂಬ ನಿರೀಕ್ಷೆ ಇದ್ದರೆ, ಆ ನಿರೀಕ್ಷೆ ಎಷ್ಟು ಗಂಟೆಯ ನಿದ್ದೆ ಎಂದು ಕೇಳಿಕೊಳ್ಳಬೇಕು.

ಚಳಿಗಾಲದ ಬೆಳಕಿನದು ಇನ್ನೊಂದು ಕತೆ. ಡಿಸೆಂಬರಿನಲ್ಲಿ ಸೂರ್ಯ ಏಳುವುದು ಎಂಟು ದಾಟಿದ ಮೇಲೆ, ಮುಳುಗುವುದು ನಾಲ್ಕೂವರೆಯ ಹೊತ್ತಿಗೆ. ಎಂಟೂಕಾಲರ ಪಾಠಕ್ಕೆ ಕತ್ತಲೆಯಲ್ಲಿ ಹೋಗಿ, ಕೊನೆಯ ಪಾಠ ಮುಗಿಸಿ ಕತ್ತಲೆಯಲ್ಲಿ ಬಂದರೆ ಆ ದಿನ ಬಿಸಿಲನ್ನೇ ಕಾಣದ ದಿನ. ಮಲೆನಾಡಿನ ಮಳೆಗಾಲದಲ್ಲಿ ಬೆಳೆದ ನನಗೆ ಮಬ್ಬು ಹೊಸದಲ್ಲ, ಆದರೆ ಅಲ್ಲಿ ಮಳೆಯಲ್ಲೂ ಹಗಲು ಹಗಲಾಗಿಯೇ ಇರುತ್ತದೆ. ಟ್ಯೂಬಿಂಗನ್ನಿನಲ್ಲಿ ಸಂಜೆ ಐದಕ್ಕೆ ದೇಹ ರಾತ್ರಿಯಾಯಿತು ಎನ್ನುತ್ತದೆ, ಹಾಳೆಯ ಮೂರನೆಯ ಲೆಕ್ಕ ಇನ್ನೂ ಹಾಗೇ ಕೂತಿರುತ್ತದೆ. ಹಳೆಯ ವಿದ್ಯಾರ್ಥಿನಿಯೊಬ್ಬರು ಹೇಳಿದರು: ಮಧ್ಯಾಹ್ನ ಹನ್ನೆರಡರಿಂದ ಒಂದು, ಏನಾದರಾಗಲಿ, ಹೊರಗೆ ನಡೆ. ನೆಕ್ಕರ್ ನದಿಯ ನಡುಗಡ್ಡೆಯ ಮೇಲೆ ಹಳೆಯ ಪ್ಲೇನ್ ಮರಗಳ ಸಾಲಿದೆ. ಎಲೆ ಉದುರಿದ ಮೇಲೆ ಕೊಂಬೆಗಳ ನಡುವೆ ಇದ್ದಷ್ಟು ಬೆಳಕು ಇಳಿಯುತ್ತದೆ. ಆ ಒಂದು ಗಂಟೆಯನ್ನು ಬಿಟ್ಟುಕೊಟ್ಟರೆ ಸಂಜೆಯ ಮೂರು ಗಂಟೆ ಕೈಗೆ ಬರುತ್ತಿತ್ತು. ಅಜ್ಜಿ ಹೇಳಿದ್ದ ಆಯಾ ಊರಿನ ಸೂರ್ಯೋದಯದ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ಮರಗಳ ಕೆಳಗೆ.

ಆ ಊರಿನಲ್ಲಿ ನಡೆಯುವಾಗ ಇಬ್ಬರು ನೆನಪಾಗುತ್ತಿದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಕಿಟೆಲ್ ನಮ್ಮ ನಾಡಿಗೆ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಇಪ್ಪತ್ತೊಂದರ ಹರೆಯದಲ್ಲಿ ಸಮುದ್ರ ದಾಟಿ ಧಾರವಾಡದ ಸೀಮೆಯಲ್ಲಿ ಅಆಇಈ ತಿದ್ದಿದ ಆ ಹುಡುಗ ನನ್ನ ಹಾಗೇ ಪರದೇಶದ ವಿದ್ಯಾರ್ಥಿ. ಅವರ ಮನೆಯ ಕಾಗದ ತಲುಪಲು ವಾರಗಟ್ಟಲೆ ಬೇಕಿತ್ತು. ಇಂದಿನ ಮಕ್ಕಳಿಗೆ ಮನೆ ಒಂದು ಗುಂಡಿ ಒತ್ತಿದರೆ ಸಿಗುತ್ತದೆ, ಅದು ಎಷ್ಟೋ ದೊಡ್ಡ ಭಾಗ್ಯ. ಅದರ ಜೊತೆಗೆ, ಎಪ್ಪತ್ತು ಸಾವಿರದ ಹತ್ತಿರ ಪದಗಳ ಆ ಕೆಲಸ ಪ್ರತಿ ಕಾಲು ಗಂಟೆಗೆ ಒಮ್ಮೆ ಫೋನು ನೋಡುವ ಮೇಜಿನ ಮೇಲೆ ಆಗುವಂಥದ್ದಲ್ಲ ಎಂದೂ ಅನ್ನಿಸುತ್ತದೆ.

ಇನ್ನು ಭಾನುವಾರ. ಜರ್ಮನಿಯ ಸಂವಿಧಾನವೇ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡುತ್ತದೆ. 1919ರ ವೈಮರ್ ಸಂವಿಧಾನದ ವಿಧಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಮೊಸರು, ಈರುಳ್ಳಿ ತಂದಿಟ್ಟುಕೊಳ್ಳದಿದ್ದರೆ ಸೋಮವಾರದವರೆಗೆ ಇಲ್ಲ. ರಾತ್ರಿ ಹತ್ತರ ಮೇಲೆ, ಭಾನುವಾರ ಇಡೀ ದಿನ, ಸದ್ದು ಮಾಡುವಂತಿಲ್ಲ. ಇದರಿಂದ ದೋಸೆಯ ಲೆಕ್ಕ ಏನಾಗುತ್ತದೆ ನೋಡಿ. ಭಾನುವಾರಕ್ಕೆ ದೋಸೆ ಬೇಕು. ಚಳಿಗೆ ಹಿಟ್ಟು ಒಂದು ರಾತ್ರಿಯಲ್ಲಿ ಹುದುಗುವುದಿಲ್ಲ, ಹೀಟರಿನ ಪಕ್ಕ ಇಟ್ಟರೂ ಒಂದೂವರೆ ದಿನ. ಹಾಗಾದರೆ ಶುಕ್ರವಾರ ರಾತ್ರಿ ಹತ್ತರೊಳಗೆ ಮಿಕ್ಸಿ ತಿರುಗಬೇಕು. ಹಾಗಾದರೆ ಶುಕ್ರವಾರ ಮಧ್ಯಾಹ್ನದ ಪಾಠಕ್ಕೆ ಹೊರಡುವ ಮುಂಚೆ ಅಕ್ಕಿ, ಉದ್ದು ನೆನೆಹಾಕಬೇಕು. ಹಾಗಾದರೆ ಉದ್ದಿನಬೇಳೆ ಗುರುವಾರವೇ ಮನೆಯಲ್ಲಿರಬೇಕು. ಗುರಿಯಿಂದ ಹಿಂದಕ್ಕೆ ಎಣಿಸುತ್ತ ಬರುವ ಈ ವಿದ್ಯೆಯನ್ನು ನಾನು ಪ್ರಬಂಧ ಒಪ್ಪಿಸುವುದಕ್ಕೆ ಬಳಸುವ ಎಷ್ಟೋ ಮುಂಚೆ ದೋಸೆಗೆ ಬಳಸಿದ್ದೆ. ನಮ್ಮ ತಾಯಂದಿರು ಹಬ್ಬದ ಅಡಿಗೆಗೆ ಮಾಡುವುದೂ ಇದೇ ಎಣಿಕೆ. ಅವರಿಗೆ ಸಮಯ ನಿರ್ವಹಣೆಯ ಪ್ರಮಾಣಪತ್ರವನ್ನು ಯಾರೂ ಕೊಟ್ಟಿಲ್ಲ.

ಟ್ಯೂಬಿಂಗನ್ನಿನಲ್ಲಿ ನಾವಿದ್ದ ಮನೆಯ ಬಾಗಿಲಿಗೆ ಒಂದು ಸಣ್ಣ ಮರದ ಹಲಗೆ ಬಂದು ನೇತಾಡುತ್ತಿತ್ತು. ಅದು ಬಂತೆಂದರೆ ಆ ವಾರ ಮೆಟ್ಟಿಲು, ಅಂಗಳದ ಹಾದಿ ಗುಡಿಸುವ ಸರದಿ ನಮ್ಮದು. ವಾರ ಮುಗಿದ ಮೇಲೆ ಹಲಗೆಯನ್ನು ಎದುರು ಮನೆಯ ಬಾಗಿಲಿಗೆ ತೂಗುಹಾಕಬೇಕು. ಇದಕ್ಕೆ ಕೇರ್‌ವೋಖೆ ಎನ್ನುತ್ತಾರೆ, ಆ ಭಾಗದ ಹಳೆಯ ಪದ್ಧತಿ. ಅದರ ಮೂಲವನ್ನು 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯವರೆಗೆ ಒಯ್ಯುತ್ತಾರೆ. ಆಗ ಆಳುತ್ತಿದ್ದ ಗಡ್ಡದ ಎಬರ್‌ಹಾರ್ಟನೇ 1477ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನೂ ಕಟ್ಟಿಸಿದವನು. ಪರೀಕ್ಷೆಯ ವಾರದಲ್ಲಿ ಹಲಗೆ ಬಂದಾಗ ಮೊದಮೊದಲು ಬೇಸರವಾಗುತ್ತಿತ್ತು. ಕೆಳಗಿನ ಮನೆಯ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಸರದಿಯಲ್ಲಿ ಕೈಗೋಲನ್ನು ಗೋಡೆಗೆ ಒರಗಿಸಿ, ಒಂದೊಂದು ಮೆಟ್ಟಿಲಿಗೂ ಬಗ್ಗಿ, ಮೂಲೆಯ ಧೂಳನ್ನು ಸಣ್ಣ ಬ್ರಷ್ಷಿನಿಂದ ಎಳೆದು ತೆಗೆಯುವುದನ್ನು ನೋಡಿದ ಮೇಲೆ ಬೇಸರ ಹೋಯಿತು. ನಾವು ಮಾಡುತ್ತೇವೆ ಬಿಡಿ ಎಂದರೆ ಒಪ್ಪಲಿಲ್ಲ. 'ಈ ವಾರ ನನ್ನದು' ಎಂದರು. ಸಮಯವನ್ನು ನನ್ನದು ಎನ್ನುವುದಕ್ಕೆ ಹೀಗೂ ಒಂದು ಅರ್ಥವಿದೆ.

ಜರ್ಮನ್ ಸಹಪಾಠಿಗಳು ಚಹಾ ಕುಡಿಯಲು ಕರೆದರೂ ಡೈರಿ ತೆಗೆದು ಎರಡು ವಾರದ ಆಚೆಯ ಗುರುವಾರ ಬರೆದುಕೊಳ್ಳುತ್ತಾರೆ ಎಂದು ನಮ್ಮವರು ದೂರುತ್ತಾರೆ. ಹೀಗೇ ಬಂದೆ ಎಂದು ಬಾಗಿಲು ತಟ್ಟುವ ಸುಖ ನನಗೂ ಇಷ್ಟ, ಅದನ್ನು ಕಳೆದುಕೊಳ್ಳಬಾರದು. ಆದರೆ ಡೈರಿಯಲ್ಲಿ ನನ್ನ ಹೆಸರು ಬರೆದುಕೊಂಡ ಸಹಪಾಠಿ ಆ ಗುರುವಾರ ಸುರಿಯುವ ಹಿಮದಲ್ಲಿ ಬಂದು ಎರಡು ಗಂಟೆ ಕೂತು, ಒಮ್ಮೆಯೂ ಫೋನಿನ ಕಡೆ ನೋಡದೆ ಹರಟಿ ಹೋದಳು. ಬರೆದುಕೊಂಡ ಹೊತ್ತನ್ನು ಅವರು ಪೂರ್ತಿ ಕೊಡುತ್ತಾರೆ. ಆಮೇಲೆ ನಾನೂ ಮನೆಗೆ ಮಾಡುವ ಫೋನನ್ನು ಡೈರಿಯಲ್ಲಿ ಬರೆದೆ.

ಅದು ಅಷ್ಟು ಸುಲಭದ ಕೆಲಸವಲ್ಲ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಮ್ಮ ಊಟ ಮುಗಿಸಿ, ಅಡಿಗೆಮನೆ ಒರೆಸಿ, ಎಂಟೂವರೆಗೆ ಕೂತರೆ ಅಲ್ಲಿ ಸಂಜೆ ಐದು. ಪಾಠ ಮುಗಿದಿರುತ್ತದೆ, ಹೊರಗೆ ಬಿಸಿಲಿರುತ್ತದೆ, ಮಾತು ಸೊಗಸಾಗಿ ನಡೆಯುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಯೂರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ಸಾಗರದಲ್ಲಿ ಏನೂ ಬದಲಾಗಿಲ್ಲ. ಅಮ್ಮನ ಎಂಟೂವರೆ ಎಂಟೂವರೆಯೇ. ಅಲ್ಲಿ ಅದು ಸಂಜೆ ನಾಲ್ಕು, ಸೆಮಿನಾರಿನ ಹೊತ್ತು. ಸೆಮಿನಾರು ಮುಗಿದು ಆರಕ್ಕೆ ಮಾಡೋಣವೆಂದರೆ ಅಮ್ಮನಿಗೆ ಹತ್ತೂವರೆ, ನಿದ್ದೆಯ ಹೊತ್ತು. ಬೆಳಿಗ್ಗೆ ಏಳಕ್ಕೆ ಮಾಡೋಣವೆಂದರೆ ಸಾಗರದಲ್ಲಿ ಹನ್ನೊಂದೂವರೆ, ಒಲೆಯ ಮೇಲೆ ಸಾರು. ನಾವಿಬ್ಬರೂ ಒಂದು ಹೊಂದಾಣಿಕೆಗೆ ಬಂದೆವು: ವಾರದ ದಿನಗಳಲ್ಲಿ ಮಧ್ಯಾಹ್ನದ ನಡಿಗೆಯ ಹೊತ್ತಿಗೆ ಹತ್ತು ನಿಮಿಷ, ಊರಿನಲ್ಲಿ ಅದು ದೀಪ ಹಚ್ಚುವ ಮುಂಚಿನ ಪುರುಸೊತ್ತು, ಭಾನುವಾರ ಮಾತು ಮುಗಿಯುವವರೆಗೆ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಅಕ್ಟೋಬರಿನ ಆ ಭಾನುವಾರಕ್ಕೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿಟ್ಟರು.

ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳಿಗೆ ನನ್ನ ಒಂದು ಬೇಡಿಕೆ ಇದೆ. ನೀವು ಬೆಳಿಗ್ಗೆ ಕಾಫಿ ಕುಡಿದು ಆರೂವರೆಗೆ ಫೋನು ಮಾಡಿದರೆ ಜರ್ಮನಿಯಲ್ಲಿ ಚಳಿಗಾಲದ ನಡುರಾತ್ರಿ ಎರಡು ಗಂಟೆ. ಆ ಹೊತ್ತಿನಲ್ಲಿ ಮನೆಯ ನಂಬರ್ ಕಂಡರೆ ಮಕ್ಕಳಿಗೆ ಎದೆ ಹೊಡೆದುಕೊಳ್ಳುತ್ತದೆ, ಒಳ್ಳೆಯ ಸುದ್ದಿಯೇ ಇದ್ದರೂ ಆಮೇಲೆ ನಿದ್ದೆ ಬರುವುದಿಲ್ಲ, ಮಾರನೆಯ ದಿನದ ಓದೂ ಹೋಗುತ್ತದೆ. ಮಾತಾಡುವುದನ್ನು ಕಡಿಮೆ ಮಾಡಬೇಡಿ. ವಾರಕ್ಕೊಂದು ಹೊತ್ತನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ, ಮುಹೂರ್ತದಷ್ಟೇ ಗಟ್ಟಿಯಾಗಿ ಅದನ್ನು ಕಾಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ: ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ, ಉಳಿದ ಐದು ತಿಂಗಳು ನಾಲ್ಕೂವರೆ.